ಆದಿತ್ಯ-ಎಲ್1ಗೂ ಮೊದಲು ಒಬ್ಬ ವೈನು ಬಪ್ಪು ಇದ್ದರು

ನಮ್ಮೂರು ತಿಪ್ಪಸಂದ್ರ, ಮಾಗಡಿ ತಾಲೂಕು. ಇಲ್ಲಿಂದ ಬೆಂಗಳೂರಿನ ಕಡೆ ಹೋಗುವಾಗ ಮಾಗಡಿ ರಸ್ತೆ ಬಿಟ್ಟು ಒಳಗೆ ಹೋದರೆ ಬ್ಯಾಲಾಳು ಸಿಗುತ್ತೆ. ಅಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಇದೆ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಹಗಲು ರಾತ್ರಿ ಅನ್ನದೆ ಸೂರ್ಯನನ್ನು ನೋಡುತ್ತಿರುವ ಆದಿತ್ಯ-ಎಲ್1 ಕಳಿಸುವ ಮಾಹಿತಿ ಬಂದಿಳಿಯುವುದು ಅಲ್ಲಿಗೇ. ಪ್ರತಿ ಉಡಾವಣೆಯ ಮರುದಿನ ಕ್ರೆಡಿಟ್ ಯಾವ ಸರ್ಕಾರಕ್ಕೆ ಅನ್ನೋ ಜಗಳ ನಮ್ಮಲ್ಲಿ ಮಾಮೂಲಿ. ಆ ಜಗಳದಲ್ಲಿ ಹೆಸರು ಕೇಳಿಬರದ ಒಬ್ಬರ ಬದುಕನ್ನು ನಾನು ಇಲ್ಲಿ ಹೇಳಬೇಕು. ಅವರು ತೀರಿಕೊಂಡಿದ್ದು 1982ರಲ್ಲಿ, ಆದಿತ್ಯ ಹಾರುವ 41 ವರ್ಷ ಮೊದಲು.

ಎಂ.ಕೆ. ವೈನು ಬಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ಅಪ್ಪ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ಹುಡುಗ ದೂರದರ್ಶಕಗಳ ನಡುವೆಯೇ ಬೆಳೆದ. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹಾರ್ವರ್ಡ್‌ಗೆ ಹೋದ ವರ್ಷವೇ, 1949ರಲ್ಲಿ, ಒಂದು ಧೂಮಕೇತು ಕಂಡುಹಿಡಿದರು. ಅದಕ್ಕೆ ಇವತ್ತಿಗೂ ಬಪ್ಪು-ಬೋಕ್-ನ್ಯೂಕರ್ಕ್ ಎಂದೇ ಹೆಸರು. ಅಲ್ಲಿಂದ ಕ್ಯಾಲಿಫೋರ್ನಿಯಾದ ಪಾಲೊಮಾರ್. ಆಲಿನ್ ವಿಲ್ಸನ್ ಜತೆ ಸೇರಿ, ನಕ್ಷತ್ರದ ಬೆಳಕಿನಲ್ಲಿರುವ ಕ್ಯಾಲ್ಸಿಯಂ ರೇಖೆಯ ಅಗಲ ನೋಡಿ ಅದರ ನಿಜವಾದ ಪ್ರಕಾಶ ಎಷ್ಟು ಅಂತ ಅಂದಾಜಿಸುವ ದಾರಿ ಕಂಡುಕೊಂಡರು. ಖಗೋಳ ವಿಜ್ಞಾನದಲ್ಲಿ ಅದು ವಿಲ್ಸನ್-ಬಪ್ಪು ಪರಿಣಾಮ.

ಇಷ್ಟಾದ ಮೇಲೆ ಅಮೆರಿಕದಲ್ಲೇ ಉಳಿಯಬಹುದಿತ್ತು. 1953ರಲ್ಲಿ ವಾಪಸ್ ಬಂದರು. ನೈನಿತಾಲ್‌ನ ವೀಕ್ಷಣಾಲಯ ಕಟ್ಟುವುದರಲ್ಲಿ ಕೈಜೋಡಿಸಿದರು. 1960ರಲ್ಲಿ ಕೊಡೈಕನಾಲ್ ಸೌರ ವೀಕ್ಷಣಾಲಯದ ನಿರ್ದೇಶಕರಾದಾಗ ವಯಸ್ಸು ಇನ್ನೂ 33.

ಅವರು ಮಾಡಿದ ರಾಜಕೀಯವಾಗಿ ದೊಡ್ಡ ಕೆಲಸ ಯಾವುದು ಅಂತ ಕೇಳಿದರೆ ನಾನು ಧೂಮಕೇತು ಅನ್ನಲ್ಲ. ಕೊಡೈಕನಾಲ್ ಆಗ ಹವಾಮಾನ ಇಲಾಖೆಯ ಕೈಕೆಳಗಿತ್ತು. ಮಳೆಯ ಲೆಕ್ಕ ಇಡುವ ಇಲಾಖೆಯೇ ಸೂರ್ಯನ ಸಂಶೋಧನೆಯ ದುಡ್ಡು, ನೇಮಕ ಎಲ್ಲವನ್ನೂ ನೋಡಬೇಕಿತ್ತು. ಬಪ್ಪು ಅದನ್ನು ಅಲ್ಲಿಂದ ಬಿಡಿಸಿದರು. 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತ ಸಂಸ್ಥೆಯಾಯಿತು, ಮುಂದೆ ಬೆಂಗಳೂರಿನ ಕೋರಮಂಗಲಕ್ಕೆ ಬಂದು ನೆಲೆಯೂರಿತು.

ಎರಡನೇ ಕೆಲಸ, ಉಪಕರಣ ಇಲ್ಲೇ ಆಗಬೇಕು ಅನ್ನೋ ಹಟ. ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿನಲ್ಲಿ ಅವರು ಮೊದಲು ನಿಲ್ಲಿಸಿದ 38 ಸೆಂಟಿಮೀಟರ್ ದೂರದರ್ಶಕ ಕೊಡೈಕನಾಲ್‌ನಲ್ಲೇ ಕೈಯಾರೆ ಮಾಡಿದ್ದು. ಆಮೇಲೆ 2.34 ಮೀಟರ್‌ನ ದೊಡ್ಡ ದೂರದರ್ಶಕಕ್ಕೆ ಕೈಹಾಕಿದರು. ಅದರ ಕನ್ನಡಿಯನ್ನು ಉಜ್ಜಿ ಹದ ಮಾಡಿದ್ದು ಬೆಂಗಳೂರಿನಲ್ಲೇ.

ಇನ್ನು ಸೂರ್ಯನ ವಿಷಯ. ಸೂರ್ಯನ ಸುತ್ತ ಇರುವ ಕರೋನಾ ಅನ್ನೋ ಹೊರವಲಯ ಸೂರ್ಯಬಿಂಬಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂಕು. ಬರಿಗಣ್ಣಿಗೆ ಕಾಣಬೇಕಾದರೆ ಪೂರ್ಣ ಗ್ರಹಣವೇ ಆಗಬೇಕು. 1980ರ ಫೆಬ್ರವರಿ 16ರ ಗ್ರಹಣದ ನೆರಳು ನಮ್ಮ ಕಾರವಾರ, ಹುಬ್ಬಳ್ಳಿ, ರಾಯಚೂರು ಭಾಗದ ಮೇಲೆ ಹಾದುಹೋಯಿತು. ಬಪ್ಪು ತಮ್ಮ ತಂಡವನ್ನು ಅದರ ವೀಕ್ಷಣೆಗೆ ಇಳಿಸಿದರು. ತಿಂಗಳುಗಟ್ಟಲೆ ತಯಾರಿ, ಸಿಕ್ಕಿದ್ದು ಮೂರು ನಿಮಿಷಕ್ಕೂ ಕಡಿಮೆ. ಆ ತಂಡದಲ್ಲಿ ಜಗದೇವ್ ಸಿಂಗ್ ಎಂಬ ಯುವ ವಿಜ್ಞಾನಿ ಇದ್ದರು. ಮುಂದೆ ಅವರು ಸುಮಾರು ಹತ್ತು ಗ್ರಹಣಗಳ ಬೆನ್ನುಹತ್ತಿ ಹೋದರು. ಪ್ರತಿ ಸಲವೂ ಅದೇ ಪಾಡು, ಕೆಲವೇ ನಿಮಿಷ.

ಕರೋನಾವನ್ನು ನಿಮಿಷಗಟ್ಟಲೆ ನೋಡಿದರೆ ಯಾಕೆ ಸಾಲದು? ಅಲ್ಲಿಂದ ಆಗಾಗ ಕೋಟಿಗಟ್ಟಲೆ ಟನ್ ಕಾವೇರಿದ ಅನಿಲ, ಕಾಂತಕ್ಷೇತ್ರದ ಸಮೇತ, ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಸಿಡಿದು ಬರುತ್ತೆ. ಇದೇ ಸಿಎಂಇ. ಅದು ನಮ್ಮ ಗ್ರಹಣದ ಟೈಂಟೇಬಲ್ ನೋಡಿಕೊಂಡು ಸಿಡಿಯಲ್ಲ. 1989ರ ಮಾರ್ಚ್‌ನಲ್ಲಿ ಹೀಗೆ ಬಂದು ಬಡಿದಾಗ ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. ಹಾಗಾಗಿ ಬಿಂಬವನ್ನು ಮರೆಮಾಡಿ ಕೃತಕ ಗ್ರಹಣ ಸೃಷ್ಟಿಸುವ ಕರೋನಾಗ್ರಾಫ್ ಬೇಕು. ಆಕಾಶದ ಬೆಳಕು ಅಡ್ಡಬಾರದಂತೆ ಅದು ವಾತಾವರಣದಿಂದ ಆಚೆ ಇರಬೇಕು. ಅಮೆರಿಕದ ಓಎಸ್‌ಓ-7 ಉಪಗ್ರಹ 1971ರ ಡಿಸೆಂಬರ್‌ನಲ್ಲೇ ಬಾಹ್ಯಾಕಾಶದಿಂದ ಸಿಎಂಇ ಕಂಡಿತ್ತು, ಬಪ್ಪು ಅವರ ಸಂಸ್ಥೆ ಸ್ವಾಯತ್ತವಾದ ವರ್ಷವೇ.

ಆದಿತ್ಯದಲ್ಲಿರುವ ಕರೋನಾಗ್ರಾಫ್ ವಿಇಎಲ್‌ಸಿಯನ್ನು ಕಟ್ಟಿದ್ದು ಅದೇ ಸಂಸ್ಥೆ, ಹೊಸಕೋಟೆಯ ತನ್ನ ಆವರಣದಲ್ಲಿ. ಆ ಉಪಕರಣದ ಹಿಂದಿನ ಮುಖ್ಯ ತಲೆ ಅದೇ ಜಗದೇವ್ ಸಿಂಗ್. 2024ರ ಜುಲೈ 16ರ ಸಿಎಂಇ ಸೂರ್ಯನಿಂದ ಹೊರಟ ಹೊತ್ತನ್ನು ಸಂಸ್ಥೆಯ ವಿಜ್ಞಾನಿಗಳು ವಿಇಎಲ್‌ಸಿಯ ಮಾಹಿತಿಯಿಂದ ಲೆಕ್ಕಹಾಕಿದರು. ಬಪ್ಪು ಆದಿತ್ಯದ ನಕ್ಷೆ ಬರೆದವರಲ್ಲ. ಬರೆಯಬಲ್ಲವರನ್ನು ಬೆಳೆಸಿ, ಅವರು ಕೂತು ಕೆಲಸ ಮಾಡೋಕೆ ಜಾಗ ಮಾಡಿಟ್ಟು ಹೋದವರು.

1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 1982ರ ಆಗಸ್ಟ್ 19ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರ, ಮ್ಯೂನಿಕ್‌ನಲ್ಲಿ ತೀರಿಕೊಂಡರು. ವಯಸ್ಸು 55. ಅವರ ಕನಸಿನ ದೊಡ್ಡ ದೂರದರ್ಶಕ ಆಗಿನ್ನೂ ಮುಗಿದಿರಲಿಲ್ಲ. 1986ರ ಜನವರಿಯಲ್ಲಿ ರಾಜೀವ್ ಗಾಂಧಿ ಅದಕ್ಕೆ ಬಪ್ಪು ಅವರ ಹೆಸರಿಟ್ಟರು.

1980ರ ಗ್ರಹಣದಿಂದ 2023ರ ಉಡಾವಣೆಗೆ 43 ವರ್ಷ. ಅಷ್ಟರಲ್ಲಿ ದೆಹಲಿಯಲ್ಲಿ ಎಷ್ಟು ಸರ್ಕಾರ ಬಂದುಹೋದವು, ನೀವೇ ಎಣಿಸಿ. ಯಾವುದೇ ಒಂದು ಸರ್ಕಾರ ಇದನ್ನು ಐದು ವರ್ಷದಲ್ಲಿ ಮಾಡಿ ಮುಗಿಸುವಂತಿರಲಿಲ್ಲ. ಆದರೆ ಕೆಡಿಸೋಕೆ ಐದು ವರ್ಷ ಸಾಕಿತ್ತು: ಸ್ವಾಯತ್ತತೆ ಕಿತ್ತುಕೊಂಡಿದ್ದರೆ, ತಕ್ಷಣ ಲಾಭ ತೋರಿಸಿ ಅಂದಿದ್ದರೆ, ಹೊಸಬರ ನೇಮಕ ನಿಲ್ಲಿಸಿದ್ದರೆ. ಹಾಗಾಗಿ ಮುಂದಿನ ಬಜೆಟ್ ದಿನ ಎಷ್ಟು ರಾಕೆಟ್ ಅಂತ ಮಾತ್ರ ಕೇಳಬೇಡಿ. ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್ ಸಮಯಕ್ಕೆ ಸರಿಯಾಗಿ ಬರುತ್ತಿದೆಯಾ, ಸಂಸ್ಥೆಗಳ ಖಾಲಿ ಹುದ್ದೆ ತುಂಬಿದ್ದಾರಾ, ನಿರ್ದೇಶಕರು ಯಾರಿಗೂ ಹೆದರದೆ ಬೇಡ ಅನ್ನಬಲ್ಲರಾ, ಅದನ್ನೂ ಕೇಳಿ. 2060ರ ಹೊತ್ತಿಗೆ ಬ್ಯಾಲಾಳಿನ ಆಂಟೆನಾಕ್ಕೆ ಏನು ಬಂದಿಳಿಯಬೇಕು ಅನ್ನೋದು ಈಗಲೇ ಅಲ್ಲೆಲ್ಲ ತೀರ್ಮಾನ ಆಗ್ತಿದೆ.