ಬಡವರ ಹೆಣಕ್ಕೆ ಹೆಗಲು ಕೊಟ್ಟ ಗ್ಯಾಸ್ಟನ್

ಬಡವರ ಮನೇಲಿ ಸಾವಾದರೆ ಅಳುವುದಕ್ಕಿಂತ ಮೊದಲು ಏಳೋ ಪ್ರಶ್ನೆ ಒಂದೇ, ಖರ್ಚಿಗೇನು ಗತಿ? ಈ ಪ್ರಶ್ನೆಗೆ ಉತ್ತರ ಹುಡುಕಿ ಕೋಟ್ಯಧೀಶರಾದವರು ಅಮೆರಿಕದ ಎ.ಜಿ. ಗ್ಯಾಸ್ಟನ್.

ಹುಟ್ಟಿದ್ದು 1892ರಲ್ಲಿ, ಅಲಬಾಮಾದ ಡೆಮೊಪೊಲಿಸ್‌ನಲ್ಲಿ. ಗುಲಾಮರ ಮೊಮ್ಮಗ. ಮೊದಲ ಮಹಾಯುದ್ಧಕ್ಕೆ ಹೋಗಿ ಬಂದು ಗಣಿ ಕೂಲಿಗೆ ಸೇರಿದರು. ತಾಯಿ ಕಟ್ಟಿಕೊಟ್ಟ ಊಟದ ಡಬ್ಬಿ ಮಾರಿದರು, ಜತೆಗಾರರಿಗೆ ಬಡ್ಡಿ ಸಾಲ ಕೊಟ್ಟರು. ಸಂಬಳದ ದಿನ ವಿಧವೆಯರು ಬಂದು ಗಂಡನ ಮಣ್ಣಿಗೆಂದು ಕೈಚಾಚೋದನ್ನೂ ಕಂಡರು.

1923ರಲ್ಲಿ ಶವಸಂಸ್ಕಾರ ಸಂಘ ಕಟ್ಟಿದರು. ಬದುಕಿದ್ದಾಗ ಚಿಲ್ಲರೆ ಕಟ್ಟಿದರೆ ಸತ್ತಾಗ ಮರ್ಯಾದೆಯ ಮಣ್ಣು. ಮುಂದೆ ಅದೇ ವಿಮಾ ಕಂಪನಿಯಾಯ್ತು. ಬರ್ಮಿಂಗ್‌ಹ್ಯಾಂನಲ್ಲಿ ಕಪ್ಪು ಜನರಿಗೆ 1954ರಲ್ಲಿ ಮೋಟೆಲ್, 1957ರಲ್ಲಿ ಉಳಿತಾಯ ಬ್ಯಾಂಕು ತೆರೆದರು.

1963ರ ಚಳವಳಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಂಗಿದ್ದು ಇದೇ ಮೋಟೆಲಿನಲ್ಲಿ. ಬೀದಿಗಿಳಿಯೋದಕ್ಕಿಂತ ಮಾತುಕತೆ ಮೇಲು ಅಂತಿದ್ದ ಗ್ಯಾಸ್ಟನ್‌ರನ್ನು ಅವರ ಜನವೇ ಬಿಳಿಯರ ಬಾಲಬಡುಕ ಎಂದು ಜರೆದರು. ಆದರೂ ಕಿಂಗ್ ಜೈಲು ಸೇರಿದಾಗ ಜಾಮೀನು ಹಣ ಕಟ್ಟಿದ್ದು ಇವರೇ! ಅದೇ ವರ್ಷ ಮೋಟೆಲಿಗೂ ಬಾಂಬು, ಮನೆಗೂ ಬಾಂಬು. ಮನುಷ್ಯ ಊರು ಬಿಡಲಿಲ್ಲ.

ಬಡ ಹುಡುಗರಿಗೆ ಕ್ಲಬ್ ಕಟ್ಟಿಸಿದರು. 1987ರಲ್ಲಿ ವಿಮಾ ಕಂಪನಿಯನ್ನು ಅಗ್ಗದ ಬೆಲೆಗೆ ನೌಕರರಿಗೇ ಬಿಟ್ಟುಕೊಟ್ಟರು. 1996ರಲ್ಲಿ ತೀರಿಕೊಂಡಾಗ ವಯಸ್ಸು 103.

ಹೆಣ ಎತ್ತೋಕೆ ದುಡ್ಡಿಲ್ಲ ಅಂತ ಅಂಗಡಿ ಅಂಗಡಿಗೆ ಪಟ್ಟಿ ಹಿಡಿದು ಬರೋರನ್ನು ನೀವೂ ಕಂಡಿದ್ದೀರಿ. ವಾರಕ್ಕೆ ನಾಲ್ಕು ಕಾಸು ಎತ್ತಿಡೋ ಇಂಥ ಸಂಘ ನಮ್ಮ ಬೀದಿಗೂ ಬೇಡವೆ, ಸ್ವಾಮಿ?