ಆಟಿಸಂಗೆ ತಾಯಿ ಕಾರಣವೇ? ಎಂಆರ್‌ಐ ಮಾಡಿಸಿದರೆ ಗೊತ್ತಾಗುತ್ತದೆಯೇ? ಡಾ. ಲಿಯೋ ಕ್ಯಾನರ್ ಬದುಕಿನ ಕಥೆ ಓದಿ

ಆಟಿಸಂ ಬಗ್ಗೆ ಎರಡು ಮಾತು ಫೋನಿನಿಂದ ಫೋನಿಗೆ ಹರಿದಾಡುತ್ತಲೇ ಇರುತ್ತವೆ. ತಾಯಿ ಮಗುವನ್ನು ಸರಿಯಾಗಿ ಮಾತಾಡಿಸದೆ ಕೈಗೆ ಮೊಬೈಲ್ ಕೊಟ್ಟದ್ದೇ ಕಾರಣ ಎನ್ನುವುದು ಒಂದು. ಮೆದುಳಿನ ಸ್ಕ್ಯಾನ್ ಮಾಡಿಸಿದರೆ ಆಟಿಸಂ ಇದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ ಎನ್ನುವುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದನ್ನು ನಂಬಿ ತಾಯಂದಿರು ಕಣ್ಣೀರು ಹಾಕುತ್ತಾರೆ. ಎರಡನೆಯದನ್ನು ನಂಬಿ ಮನೆಯವರು ಸಾಲ ಮಾಡುತ್ತಾರೆ. ಆಟಿಸಂ ಎಂಬ ಹೆಸರನ್ನು ವೈದ್ಯಲೋಕದಲ್ಲಿ ನೆಲೆಗೊಳಿಸಿದ ಡಾ. ಲಿಯೋ ಕ್ಯಾನರ್ ಅವರ ಬದುಕಿನಲ್ಲಿ ಈ ಎರಡಕ್ಕೂ ಉತ್ತರವಿದೆ. ಬನ್ನಿ, ನೋಡೋಣ.

ಕ್ಯಾನರ್ ಹುಟ್ಟಿದ್ದು 1894ರಲ್ಲಿ, ಈಗ ಉಕ್ರೇನ್‌ಗೆ ಸೇರಿರುವ ಒಂದು ಸಣ್ಣ ಹಳ್ಳಿಯ ಯಹೂದಿ ಕುಟುಂಬದಲ್ಲಿ. ಬರ್ಲಿನ್‌ನಲ್ಲಿ ವೈದ್ಯಕೀಯ ಓದಿ, ಮೊದಲು ಹೃದಯದ ಇಸಿಜಿ ಕೆಲಸ ಮಾಡಿದರು. 1924ರಲ್ಲಿ ಅಮೆರಿಕಕ್ಕೆ ಹೋಗಿ ಸೌತ್ ಡಕೋಟಾದ ಸರ್ಕಾರಿ ಮಾನಸಿಕ ಆಸ್ಪತ್ರೆ ಸೇರಿದರು. ಮನೋವೈದ್ಯಶಾಸ್ತ್ರವನ್ನು ಕಲಿತದ್ದು ಅಲ್ಲೇ, ಬಹುಪಾಲು ಸ್ವಂತ ಓದಿನಿಂದ. 1928ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಸೇರಿ, 1930ರಲ್ಲಿ ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಕಟ್ಟಿದರು. ಹಿಟ್ಲರ್ ಕಾಲದಲ್ಲಿ ಯುರೋಪಿನಿಂದ ತಪ್ಪಿಸಿಕೊಂಡು ಬಂದ ಅನೇಕ ಯಹೂದಿ ವೈದ್ಯರಿಗೆ ನೆಲೆ ಸಿಗಲು ನೆರವಾದರು.

1938ರಲ್ಲಿ ಅವರ ಬಳಿ ಡೊನಾಲ್ಡ್ ಎಂಬ ಐದು ವರ್ಷದ ಹುಡುಗ ಬಂದ. ಅವನ ಬಗ್ಗೆ ತಂದೆ 33 ಪುಟಗಳ ಪತ್ರ ಬರೆದಿದ್ದರು. ಹುಡುಗನಿಗೆ ಅಪಾರ ನೆನಪಿನ ಶಕ್ತಿ. ವಸ್ತುಗಳನ್ನು ಬುಗುರಿಯಂತೆ ತಿರುಗಿಸುತ್ತ ಗಂಟೆಗಟ್ಟಲೆ ಕೂರುತ್ತಿದ್ದ. ಆದರೆ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಇಂಥ 11 ಮಕ್ಕಳನ್ನು, 8 ಗಂಡು 3 ಹೆಣ್ಣು, ವರ್ಷಗಟ್ಟಲೆ ಗಮನಿಸಿ ಕ್ಯಾನರ್ 1943ರಲ್ಲಿ ಒಂದು ಲೇಖನ ಪ್ರಕಟಿಸಿದರು. ಇದು ಹುಟ್ಟಿನಿಂದಲೇ ಬಂದದ್ದು ಎಂಬುದೇ ಆ ಲೇಖನದ ಕೊನೆಯ ತೀರ್ಮಾನ. 11ರಲ್ಲಿ 5 ಮಕ್ಕಳ ತಲೆ ಸ್ವಲ್ಪ ದೊಡ್ಡದಾಗಿತ್ತು ಎಂದೂ ಅವರು ಬರೆದಿಟ್ಟರು. ಆಗ ಸಿಟಿ ಇರಲಿಲ್ಲ, ಎಂಆರ್‌ಐ ಇರಲಿಲ್ಲ. ಆ ಒಂದು ಸಾಲನ್ನು ಹಲವು ದಶಕ ಹೆಚ್ಚಿನವರು ಗಮನಿಸಲೇ ಇಲ್ಲ.

ಆದರೆ ಕ್ಯಾನರ್ ಎಡವಿದ್ದೂ ಇಲ್ಲೇ. 1941ರಲ್ಲಿ ತಾಯಂದಿರ ಪರವಾಗಿ ಒಂದು ಪುಸ್ತಕವನ್ನೇ ಬರೆದಿದ್ದ ಅವರು, 1949ರ ಹೊತ್ತಿಗೆ ಈ ಮಕ್ಕಳ ತಂದೆತಾಯಿ ಭಾವನೆಯಿಲ್ಲದ ತಣ್ಣನೆಯ ಜನ ಎಂದು ಬರೆದು, ಅವರ ಮನೆಯನ್ನು ಫ್ರಿಜ್‌ಗೆ ಹೋಲಿಸಿದರು. ಬೇರೆಯವರು ಅದನ್ನೇ ಹಿಡಿದುಕೊಂಡು ಇನ್ನೂ ದೊಡ್ಡದು ಮಾಡಿದರು. ಎಷ್ಟೋ ತಾಯಂದಿರು ಮಗುವಿನ ಕಷ್ಟದ ಜೊತೆಗೆ ಈ ಕಳಂಕವನ್ನೂ ಹೊತ್ತರು.

1964ರಲ್ಲಿ ಬರ್ನಾರ್ಡ್ ರಿಮ್ಲಂಡ್ ಎಂಬ ಮನೋವಿಜ್ಞಾನಿ, ಸ್ವತಃ ಆಟಿಸಂ ಇರುವ ಮಗನ ತಂದೆ, ಇದು ಮೆದುಳಿಗೆ ಸಂಬಂಧಿಸಿದ್ದು ಎಂದು ಪುಸ್ತಕ ಬರೆದರು. ಅದಕ್ಕೆ ಮುನ್ನುಡಿ ಬರೆದವರು ಕ್ಯಾನರ್. 1969ರಲ್ಲಿ ಪೋಷಕರ ಸಭೆಯೊಂದರಲ್ಲಿ ನಿಂತು, ನಿಮ್ಮ ಮೇಲೆ ಯಾವ ತಪ್ಪೂ ಇಲ್ಲ ಎಂದು ಅವರು ಬಹಿರಂಗವಾಗಿ ಹೇಳಿದರು. 1977ರಲ್ಲಿ ಬ್ರಿಟನ್ನಿನ ಅವಳಿ ಮಕ್ಕಳ ಅಧ್ಯಯನ ವಂಶವಾಹಿಗಳ ಪಾತ್ರವನ್ನು ತೋರಿಸಿತು. 1981ರಲ್ಲಿ, ಎಂಆರ್‌ಐ ಯಂತ್ರಗಳು ಆಸ್ಪತ್ರೆಗಳಿಗೆ ಆಗತಾನೇ ಬರುತ್ತಿದ್ದಾಗ, ಕ್ಯಾನರ್ ತೀರಿಕೊಂಡರು.

ಹಾಗಾದರೆ ಎಂಆರ್‌ಐ ಏನು ಹೇಳಿದೆ? 2017ರಲ್ಲಿ ಅಮೆರಿಕದ ಸಂಶೋಧಕರು, ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ 100ಕ್ಕೂ ಹೆಚ್ಚು ಕೂಸುಗಳ ಮೆದುಳನ್ನು 6, 12 ಮತ್ತು 24 ತಿಂಗಳಲ್ಲಿ ಚಿತ್ರಿಸಿ ನೋಡಿದರು. ಮುಂದೆ ಆಟಿಸಂ ಕಾಣಿಸಿಕೊಂಡ ಮಕ್ಕಳಲ್ಲಿ ಮೆದುಳಿನ ಹೊರಪದರ ಮೊದಲ ವರ್ಷದಲ್ಲೇ ವೇಗವಾಗಿ ಹರಡಿತ್ತು, ಎರಡನೇ ವರ್ಷದಲ್ಲಿ ಗಾತ್ರ ಹೆಚ್ಚಿತ್ತು. ಕ್ಯಾನರ್ ಕಂಡ ದೊಡ್ಡ ತಲೆಗಳು ಬರೀ ಆಕಸ್ಮಿಕವಲ್ಲ ಎನ್ನಲು ಇದೊಂದು ಸುಳಿವು.

ಇಲ್ಲೊಂದು ಮುಖ್ಯ ವಿಷಯ. ಈ ವ್ಯತ್ಯಾಸ ಕಾಣುವುದು ಗುಂಪಿನ ಸರಾಸರಿಯಲ್ಲಿ. ಗಂಡಸರು ಸರಾಸರಿಯಲ್ಲಿ ಹೆಂಗಸರಿಗಿಂತ ಎತ್ತರ ಎಂಬುದು ನಿಜ, ಆದರೆ ಎತ್ತರ ಮಾತ್ರ ಹೇಳಿದರೆ ಅದು ಗಂಡೋ ಹೆಣ್ಣೋ ಎಂದು ಹೇಳಲಾಗದು. ಹಾಗೆಯೇ ಒಂದು ಮಗುವಿನ ಸ್ಕ್ಯಾನ್ ನೋಡಿ ಆಟಿಸಂ ಇದೆ, ಇಲ್ಲ ಎಂದು ಹೇಳಲಾಗದು. ಆಟಿಸಂ ಇರುವ ಅನೇಕ ಮಕ್ಕಳ ಎಂಆರ್‌ಐ ವರದಿ ನಾರ್ಮಲ್ ಎಂದೇ ಬರುತ್ತದೆ. ಫಿಟ್ಸ್ ಅಥವಾ ನರಗಳ ಬೇರೆ ತೊಂದರೆಯ ಅನುಮಾನವಿದ್ದರೆ ವೈದ್ಯರು ಸ್ಕ್ಯಾನ್ ಬರೆದುಕೊಡಬಹುದು. ಆದರೆ ಅದು ಆಟಿಸಂ ಪತ್ತೆಗಲ್ಲ. ಪತ್ತೆ ಆಗುವುದು ಇಂದಿಗೂ ಕ್ಯಾನರ್ ಮಾಡಿದ ರೀತಿಯಲ್ಲೇ: ಮಗುವಿನ ಎದುರು ಕೂತು ಗಮನಿಸಿ, ತಂದೆತಾಯಿಯ ಮಾತು ಕೇಳಿ.

ಇನ್ನು ಮೊಬೈಲ್ ವಿಷಯ. ಚಿಕ್ಕ ಮಕ್ಕಳಿಗೆ ಹೆಚ್ಚು ಮೊಬೈಲ್ ಒಳ್ಳೆಯದಲ್ಲ, ಮಾತು ಮತ್ತು ನಿದ್ದೆ ಎರಡಕ್ಕೂ ತೊಂದರೆ. ಆದರೆ ಆಟಿಸಂನ ಬೇರು ಇರುವುದು ಬಹುಮಟ್ಟಿಗೆ ಹುಟ್ಟುವ ಮೊದಲೇ ನಡೆಯುವ ಮೆದುಳಿನ ಬೆಳವಣಿಗೆಯಲ್ಲಿ.

ಕುರುಗೋಡಿನಲ್ಲೋ ಸಿರುಗುಪ್ಪದಲ್ಲೋ ಇರುವ ಪೋಷಕರು ಏನು ಮಾಡಬೇಕು? ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದಿದ್ದರೆ, ಬಂದ ಮಾತು ನಿಂತುಹೋದರೆ ಕಾಯಬೇಡಿ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಅಥವಾ ಮಕ್ಕಳ ವೈದ್ಯರಿಗೆ ತೋರಿಸಿ. ಕಿವಿ ಪರೀಕ್ಷೆ ಮಾಡಿಸಿ. ಮಾತಿನ ತರಬೇತಿ, ನಡವಳಿಕೆಯ ತರಬೇತಿ ಬೇಗ ಶುರುವಾದಷ್ಟೂ ಒಳ್ಳೆಯದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಪ್ರಮಾಣಪತ್ರಕ್ಕೂ ಅರ್ಜಿ ಹಾಕಬಹುದು.

ಮನಸ್ಸಿನ ಆರೋಗ್ಯ ದೊಡ್ಡ ಊರಿನ ದೊಡ್ಡ ಯಂತ್ರಕ್ಕೆ ಮಾತ್ರ ಸೇರಿದ್ದಲ್ಲ ಎಂದು ದೇಶಕ್ಕೆ ತೋರಿಸಿದ್ದೇ ಬಳ್ಳಾರಿ ಜಿಲ್ಲೆ. 1985ರಿಂದ ನಿಮ್ಹಾನ್ಸ್ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ತಪ್ಪು ತಿದ್ದಿಕೊಳ್ಳಲು ಕ್ಯಾನರ್ ಅವರಿಗೆ 20 ವರ್ಷ ಹಿಡಿಯಿತು. ತಾಯಿಯನ್ನು ದೂರುವ ಮೆಸೇಜ್ ಅಳಿಸಲು ನಮಗೆ ಒಂದು ಕ್ಷಣ ಸಾಕು. ಅಂಥ ಫಾರ್ವರ್ಡ್ ಬಂದರೆ ಮುಂದೆ ಕಳಿಸಬೇಡಿ, ಬದಲಿಗೆ ಇದನ್ನು ಕಳಿಸಿ.