ಜಗದೀಶಚಂದ್ರ ಬೋಸರ ಹಕ್ಕುಪತ್ರ

ಸಸ್ಯಗಳೂ ಸಂವೇದನಾಶೀಲವೆಂದು ಯಂತ್ರಮುಖೇನ ತೋರಿಸಿಕೊಟ್ಟ ಆಚಾರ್ಯರೆಂದು ಜಗದೀಶಚಂದ್ರ ಬೋಸರ ಹೆಸರು ನಮ್ಮಲ್ಲಿ ಮನೆಮಾತಾಗಿದೆ. ಅದಕ್ಕೆ ಮೊದಲು ಅವರು ನಡೆಸಿದ ವಿದ್ಯುತ್ತರಂಗಗಳ ಸಂಶೋಧನೆ ಅಷ್ಟು ಪ್ರಚಾರ ಪಡೆಯಲಿಲ್ಲ. ಆ ಸಂಶೋಧನೆಯ ಫಲಕ್ಕೆ ಒಡೆಯರಾರು ಎಂಬ ಪ್ರಶ್ನೆಯನ್ನು ಅವರು ಎದುರಿಸಿದ ಬಗೆಯನ್ನಂತೂ ಬಲ್ಲವರು ವಿರಳ.

ಬೋಸರು ಜನಿಸಿದುದು 1858ರ ನವೆಂಬರ್ 30ರಂದು, ಪೂರ್ವ ಬಂಗಾಳದಲ್ಲಿ. ತಂದೆ ಭಗವಾನಚಂದ್ರರು ಡೆಪ್ಯುಟಿ ಮ್ಯಾಜಿಸ್ಟ್ರೇಟರು. ದೇಶೀಯರು ಕೈಗಾರಿಕೆಯಲ್ಲಿ ಮುಂದುವರಿಯಬೇಕೆಂಬ ಹಂಬಲದಿಂದ ಹಲವು ಉದ್ಯಮಗಳಿಗೆ ಹಣ ತೊಡಗಿಸಿ, ಅವು ಮುರಿದು ಬೀಳಲು ಸಾಲದ ಹೊರೆ ಹೊತ್ತರು. ಮಗ ಕೇಂಬ್ರಿಜ್ಜಿನಲ್ಲಿ ಲಾರ್ಡ್ ರೇಲೆಯವರ ಬಳಿ ವ್ಯಾಸಂಗ ಮಾಡಿ 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಬಂದಾಗ, ಅದೇ ಕೆಲಸಕ್ಕೆ ಆಂಗ್ಲರಿಗೊಂದು ಸಂಬಳ, ಭಾರತೀಯರಿಗೊಂದು ಸಂಬಳ. ಬೋಸರು ಮೂರು ವರ್ಷ ಒಂದು ಕಾಸನ್ನೂ ಮುಟ್ಟದೆ ಪಾಠ ಹೇಳಿದರು. ಕಡೆಗೆ ಸರ್ಕಾರವೇ ಮಣಿದು ಪೂರ್ಣ ಸಂಬಳವನ್ನು ಹಿಂದಿನ ಬಾಕಿ ಸಮೇತ ಕೊಟ್ಟಿತು. ಆ ಹಣ ತಂದೆಯ ಸಾಲಕ್ಕೆ ಸಂದಿತು. ತನಗೆ ನ್ಯಾಯವಾಗಿ ಬರಬೇಕಾದುದನ್ನು ಕೇಳಲು ಸಂಕೋಚಪಡುವ ಸ್ವಭಾವ ಅವರದಲ್ಲವೆಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು.

1894ರಲ್ಲಿ, ಕಾಲೇಜಿನ ಒಂದು ಇಕ್ಕಟ್ಟಾದ ಕೋಣೆಯಲ್ಲಿ, ತಗಡು ಕೆಲಸದವನೊಬ್ಬನ ನೆರವಿನಿಂದ ತಾವೇ ಉಪಕರಣಗಳನ್ನು ಕಟ್ಟಿಕೊಂಡು ಅವರು ಸಂಶೋಧನೆಗೆ ತೊಡಗಿದರು. ಮರುವರ್ಷ ಕಲ್ಕತ್ತೆಯ ಪುರಭವನದಲ್ಲಿ, ಅವರು ಹೊರಡಿಸಿದ ಕಾಣದ ಅಲೆಗಳು ಗೋಡೆಗಳನ್ನು ದಾಟಿ ಹೋಗಿ ಗಂಟೆ ಬಾರಿಸಿದುವು, ಮದ್ದನ್ನು ಸಿಡಿಸಿದುವು. ಕೆಲವೇ ಮಿಲಿಮೀಟರ್ ಉದ್ದದ ಅಲೆಗಳನ್ನು ಹುಟ್ಟಿಸಿ ಅಭ್ಯಾಸ ಮಾಡಿದವರಲ್ಲಿ ಅವರೇ ಮೊದಲಿಗರು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ಉಪನ್ಯಾಸವಿತ್ತಾಗ, ಹಣ ತರಬಲ್ಲ ಯಂತ್ರದ ರಚನೆಯನ್ನು ಗುಟ್ಟಾಗಿಡದೆ ಎಲ್ಲರ ಮುಂದೆ ತೆರೆದಿಟ್ಟರಲ್ಲ ಎಂದು ಅಲ್ಲಿನ ಒಂದು ಎಂಜಿನಿಯರಿಂಗ್ ಪತ್ರಿಕೆ ಬೆರಗಾಯಿತು.

ಹಕ್ಕುಪತ್ರವೆಂದರೆ, ಅಂದರೆ ಪೇಟೆಂಟ್ ಎಂದರೆ, ರಾಜ್ಯಕ್ಕೂ ಶೋಧಕನಿಗೂ ನಡುವಣ ಒಂದು ಒಪ್ಪಂದ. ಶೋಧಕನು ತನ್ನ ರಹಸ್ಯವನ್ನು ಪೂರ್ತಿಯಾಗಿ ಬರೆದುಕೊಡತಕ್ಕದ್ದು. ಪ್ರತಿಯಾಗಿ ಕೆಲವು ವರ್ಷ, ತನ್ನ ಅನುಮತಿಯಿಲ್ಲದೆ ಅದನ್ನು ಬಳಸುವವರನ್ನು ತಡೆಯುವ ಅಧಿಕಾರ ಅವನಿಗೆ. ಆದರೆ ಆಗಲೇ ಪ್ರಕಟವಾದ ವಿಷಯಕ್ಕೆ ಆ ಅಧಿಕಾರ ಸಲ್ಲದು. ಆದುದರಿಂದ ಶೋಧವನ್ನು ಪ್ರಬಂಧವಾಗಿ ಪ್ರಕಟಿಸುವುದೆಂದರೆ ಅದನ್ನು ಊರ ಕೆರೆಯಾಗಿಸಿದಂತೆ. ಕೆರೆಗೆ ಯಾರೂ ಬೇಲಿ ಹಾಕುವಂತಿಲ್ಲ. ಅದರ ನೀರಿನಿಂದ ಬೆಳೆದ ತೋಟಕ್ಕೆ ಹಾಕಬಹುದು! 1899ರಲ್ಲಿ ಬೋಸರು ಕಬ್ಬಿಣ, ಪಾದರಸಗಳಿಂದಾದ ಅಲೆಗ್ರಾಹಿಯೊಂದನ್ನು ರಾಯಲ್ ಸೊಸೈಟಿಯ ಮುಂದೆ ವಿವರಿಸಿದರು. 1901ರ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಯ ಸಂಕೇತವನ್ನು ಕೇಳಿಸಿಕೊಂಡುದು ಇಟಲಿಯ ನೌಕಾಬಲದಿಂದ ಬಂದ ಪಾದರಸದ ಗ್ರಾಹಿಯಿಂದ. ಅದರ ಹಕ್ಕಿಗಾಗಿ ಇಂಗ್ಲೆಂಡಿನಲ್ಲಿ ಆಗಲೇ ಅರ್ಜಿ ಹೋಗಿತ್ತು. ಅದರ ಮೂಲ ಬೋಸರ ಪ್ರಬಂಧವೇ ಎಂದು 1998ರಲ್ಲಿ ಒಬ್ಬ ವಿದ್ವಾಂಸರು ವಿಸ್ತಾರವಾಗಿ ವಾದಿಸಿದರು. ವಾದ ಇನ್ನೂ ಮುಗಿದಿಲ್ಲ.

ಅದೇ 1901ರ ಮೇ ತಿಂಗಳು ಬೋಸರು ಮತ್ತೆ ಲಂಡನ್ನಿನಲ್ಲಿದ್ದರು. ಉಪನ್ಯಾಸಕ್ಕೆ ಮುನ್ನ ಒಂದು ದೊಡ್ಡ ತಂತಿ ಕಂಪನಿಯ ಒಡೆಯನು ಅವರ ಬಳಿಗೆ ಬಂದು, ಎಲ್ಲವನ್ನೂ ಸಭೆಯಲ್ಲಿ ಹೇಳಿಬಿಡಬೇಡಿರೆಂದೂ, ಹಕ್ಕುಪತ್ರದ ವೆಚ್ಚವನ್ನೆಲ್ಲ ತಾನು ವಹಿಸಿ ಲಾಭದಲ್ಲಿ ಅರ್ಧ ಕೊಡುವೆನೆಂದೂ ಬೇಡಿಕೊಂಡನು. ಬೋಸರು ಒಪ್ಪಲಿಲ್ಲ. ಆ ದೇಶದ ಹಣದಾಸೆಯನ್ನು ಕಂಡು ತಮಗಾದ ಜುಗುಪ್ಸೆಯನ್ನೂ, ಒಮ್ಮೆ ಆ ಬಲೆಗೆ ಬಿದ್ದರೆ ಬಿಡುಗಡೆಯಿಲ್ಲವೆಂಬ ಅಂಜಿಕೆಯನ್ನೂ ಮಿತ್ರ ರವೀಂದ್ರನಾಥ ಠಾಕೂರರಿಗೆ ಬರೆದರು. ಈ ಅಂಜಿಕೆಯ ಹಿಂದೆ ತಂದೆಯ ಮುರಿದ ಉದ್ಯಮಗಳ ನೆನಪೂ ಇದ್ದಿರಬೇಕೆಂದು ನನ್ನ ಊಹೆ.

ಸ್ನೇಹಿತರು ಬಿಡಲಿಲ್ಲ. ಸೋದರಿ ನಿವೇದಿತಾ ಮತ್ತು ಅಮೆರಿಕದ ಶ್ರೀಮತಿ ಸಾರಾ ಬುಲ್ ಇಬ್ಬರೂ ಬಲವಂತಪಡಿಸಿದುದರ ಫಲವಾಗಿ 1901ರ ಸೆಪ್ಟೆಂಬರ್ 30ರಂದು ಅಮೆರಿಕದಲ್ಲಿ ಅರ್ಜಿ ಸಲ್ಲಿತು. 1904ರ ಮಾರ್ಚ್ 29ರಂದು 7,55,840ನೆಯ ಹಕ್ಕುಪತ್ರ ದೊರೆಯಿತು. ಅರ್ಧ ಹಕ್ಕು ಶ್ರೀಮತಿ ಬುಲ್ ಅವರ ಹೆಸರಿನಲ್ಲಿ. ವಿಷಯ ಗೆಲೀನ, ಅಂದರೆ ಸೀಸದ ಅದಿರಿನ ಹರಳು. ಅದಕ್ಕೆ ಲೋಹದ ಮೊನೆ ತಾಗಿಸಿದರೆ ವಿದ್ಯುತ್ತರಂಗವನ್ನು ಮಾತ್ರವಲ್ಲದೆ ಬೆಳಕನ್ನೂ ಅದು ಗ್ರಹಿಸುತ್ತಿತ್ತು. ಅರೆವಾಹಕ ಸಾಧನಕ್ಕೆ ದೊರೆತ ಮೊದಲ ಹಕ್ಕುಪತ್ರವೆಂದು ಇದಕ್ಕೆ ಹೆಸರು.

ಆದರೆ ಬರಿಯ ಹಕ್ಕುಪತ್ರ ಅನ್ನ ಹಾಕದು. ಕಾರ್ಖಾನೆ ಬೇಕು, ಬಂಡವಾಳ ಬೇಕು, ಅತಿಕ್ರಮಿಸಿದವನನ್ನು ನ್ಯಾಯಸ್ಥಾನಕ್ಕೆಳೆಯುವ ಹಟ ಬೇಕು. ಬೋಸರಿಗೆ ಮೊದಲಿನೆರಡು ಇರಲಿಲ್ಲ. ಮೂರನೆಯದನ್ನು ಅವರು ಬೇರೆ ಕಡೆಗೆ ತಿರುಗಿಸಿದ್ದರು. ಅವರ ಮನಸ್ಸು ಆಗಲೇ ಸಸ್ಯಗಳಲ್ಲಿ ನೆಟ್ಟಿತ್ತು. 1906ರಲ್ಲಿ ಅಮೆರಿಕದ ಪಿಕಾರ್ಡ್ ಎಂಬವರು ಸಿಲಿಕಾನ್ ಹರಳಿನ ಗ್ರಾಹಿಗೆ ಹಕ್ಕು ಪಡೆದು ವ್ಯಾಪಾರಕ್ಕಿಳಿದರು. ಮುಂದೆ ಮನೆಮನೆಗೂ ಬಂದ ಹರಳು ರೇಡಿಯೋಗಳಲ್ಲಿ ಗೆಲೀನವೂ ಇತ್ತು. ಬೋಸರಿಗೆ ಮಾತ್ರ ಅದರಿಂದ ಏನೂ ಬರಲಿಲ್ಲ.

1917ರ ನವೆಂಬರ್ 30ರಂದು, ತಮ್ಮ ಹುಟ್ಟುಹಬ್ಬದ ದಿನ, ಕಲ್ಕತ್ತೆಯಲ್ಲಿ ತಮ್ಮ ಸಂಶೋಧನಮಂದಿರವನ್ನು ತೆರೆದಾಗ, ಅಲ್ಲಿಯ ಶೋಧಗಳೆಲ್ಲ ಸಾರ್ವಜನಿಕ ಸ್ವತ್ತು, ಅವಕ್ಕೆಂದೂ ಹಕ್ಕುಪತ್ರ ಪಡೆಯಲಾಗದೆಂದು ಅವರು ಸಾರಿದರು. ಈ ಔದಾರ್ಯ ದೊಡ್ಡದು, ನಿಜ. ಬಡದೇಶವೊಂದರ ಪ್ರಯೋಗಶಾಲೆ ತನ್ನ ಫಲವನ್ನು ಹೀಗೆ ಬಿಟ್ಟುಕೊಟ್ಟಾಗ ಅದನ್ನು ಕೊಯ್ದುಕೊಂಡವರು ಹೆಚ್ಚಾಗಿ ಉಳ್ಳವರೇ ಎಂಬುದೂ ಅಷ್ಟೇ ನಿಜ. ನಿವೇದಿತಾ ಅವರ ಹಟವೇ ಸರಿಯಿತ್ತೆಂದು ನನಗೆ ತೋರುತ್ತದೆ.

1937ರ ನವೆಂಬರ್ 23ರಂದು ಗಿರಿಡಿಯಲ್ಲಿ ಬೋಸರು ತೀರಿಕೊಂಡರು. 1955ರಲ್ಲಿ ಅರೆವಾಹಕಗಳ ಇತಿಹಾಸವನ್ನು ಬರೆದ ಪಿಯರ್ಸನ್ ಮತ್ತು ಬ್ರಾಟನ್, ಹರಳಿನಿಂದ ರೇಡಿಯೋ ಅಲೆ ಹಿಡಿದವರಲ್ಲಿ ಬೋಸರಿಗೇ ಅಗ್ರಸ್ಥಾನ ಕೊಟ್ಟರು.

ಗೆಲೀನವೆಂದರೆ ಸೀಸ, ಗಂಧಕಗಳ ಸಂಯುಕ್ತ. ಅದೇ ಸಂಯುಕ್ತವನ್ನು ಇಂದು ಕೆಲವೇ ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಬೆಳೆಸಿ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹಿಡಿಯುವ ಸಾಧನಗಳನ್ನು ಮಾಡುತ್ತಾರೆ. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಕಣ ಬೆಳೆಸುವ ವಿಧಾನ, ಅದರ ಮೇಲಣ ಲೇಪ, ಅದನ್ನು ಪೊರೆಯಾಗಿ ಹಾಸುವ ಕ್ರಮ, ಒಂದೊಂದಕ್ಕೂ ಬೇರೆ ಬೇರೆ ಹಕ್ಕುಪತ್ರಗಳಿವೆ. ಒಡೆಯರಲ್ಲಿ ವಿಶ್ವವಿದ್ಯಾನಿಲಯಗಳೂ ಉಂಟು. ಬೋಸರ ಹಕ್ಕುಪತ್ರದ ಹದಿನೇಳು ವರ್ಷಗಳ ಅವಧಿ 1921ಕ್ಕೇ ತುಂಬಿತು. ಅದರ ಬರಹವನ್ನೂ ಚಿತ್ರಗಳನ್ನೂ ಈಗ ಯಾರು ಬೇಕಾದರೂ ತೆಗೆದು ನೋಡಬಹುದು, ನೋಡಿ ಹಾಗೆಯೇ ಮಾಡಿಕೊಳ್ಳಲೂಬಹುದು.